ಬಾವಿ ನಮ್ಮದು, ನೀರು ಊರಿನದು

ಮೇ ತಿಂಗಳು ಬಂತೆಂದರೆ ನಮ್ಮ ದಕ್ಷಿಣ ಕನ್ನಡದ ಮದುವೆಮನೆಗಳಲ್ಲಿ ಮಾತು ಶುರುವಾಗುವುದೇ ಬಾವಿಯಿಂದ. ಊಟದ ಹಂತಿಯಲ್ಲಿ ಪಕ್ಕಕ್ಕೆ ಕೂತವರು ಮಕ್ಕಳ ಓದು, ಅಡಿಕೆಯ ಧಾರಣೆ ವಿಚಾರಿಸುವ ಮೊದಲೇ "ಬಾವಿಯಲ್ಲಿ ನೀರುಂಟಾ?" ಎಂದು ಕೇಳುತ್ತಾರೆ. "ಎರಡು ಕೋಲು ಉಂಟು" ಎಂದರೆ ಅವರ ಮುಖದಲ್ಲೂ ಸಮಾಧಾನ. "ತಳ ಕಾಣ್ತಾ ಉಂಟು" ಎಂದರೆ "ನಮ್ಮದೂ ಹಾಗೇ ಮಾರಾಯ್ರೇ" ಎಂಬ ನಿಟ್ಟುಸಿರು. ಪಾಯಸ ಬರುವ ಹೊತ್ತಿಗೆ ಇಡೀ ಗ್ರಾಮದ ನೀರಿನ ವರದಿ ಹಂತಿಯ ಈ ತುದಿಯಿಂದ ಆ ತುದಿಗೆ ಮುಟ್ಟಿರುತ್ತದೆ. ನನಗೆ ಈ ಮಾತುಕತೆ ಬಹಳ ಇಷ್ಟ. ಒಬ್ಬರ ಬಾವಿಯ ಕ್ಷೇಮ ಕೇಳುವುದೂ ಮನೆಯವರ ಕ್ಷೇಮ ಕೇಳುವುದೂ ಒಂದೇ ಎಂದು ತಿಳಿದ ಜನ ನಾವು.

ಘಟ್ಟದ ಮೇಲಿನ ನೆಂಟರಿಗೆ ಇದು ಆಶ್ಚರ್ಯ. ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಮಳೆ ಸುರಿಯುವ ಊರಿನವರಿಗೆ ನೀರಿನ ಚಿಂತೆಯೇ? ಕಾರಣ ನಮ್ಮ ನೆಲದಲ್ಲೇ ಇದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದು ಮುಗಿಯುತ್ತದೆ. ನೆಲ ಪಡುವಣಕ್ಕೆ ಇಳಿಜಾರು. ಕೆಂಪುಕಲ್ಲಿನ ತುಂಬ ತೂತು. ಮೇಲೆ ಬಿದ್ದದ್ದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಕಲ್ಲಿನೊಳಗೆ ಇಳಿದದ್ದೂ ಒರತೆಯಾಗಿ ಜಿನುಗುತ್ತ ಮಾಘ, ಫಾಲ್ಗುಣದ ಹೊತ್ತಿಗೆ ಕರಗುತ್ತದೆ. ಆಮೇಲೆ ಉಳಿಯುವುದು ನೆಲ ತನ್ನೊಳಗೆ ಹಿಡಿದಿಟ್ಟುಕೊಂಡಷ್ಟು ಮಾತ್ರ. ಅದರ ಲೆಕ್ಕ ಹೇಳುವುದು ಬಾವಿ.

ಬಾವಿ ತೋಡುವವರಿಗೆ ಈ ನೆಲದ ಪದರಗಳು ಬಾಯಿಪಾಠ. ಮೇಲೆ ಮಣ್ಣು, ಅದರಡಿ ಕೆಂಪುಕಲ್ಲು, ಅದರಡಿ ಬಿಳಿಚು ಬಣ್ಣದ ಶೇಡಿಮಣ್ಣು, ಇನ್ನೂ ಕೆಳಗೆ ಕರಿಬಂಡೆ. ಕೆಂಪುಕಲ್ಲಿಗೆ ಗಾಳಿ ತಾಗಿದಷ್ಟೂ ಗಟ್ಟಿಯಾಗುವ ಗುಣವಿದೆ. ಹಾಗಾಗಿ ಬರೀ ಕಲ್ಲಿನಲ್ಲಿ ಕಡಿದ ಬಾವಿ ಗೋಡೆಯಿಲ್ಲದೆಯೂ ತಲೆಮಾರುಗಳ ಕಾಲ ನಿಲ್ಲುತ್ತದೆ. ಶೇಡಿ ಹಾಗಲ್ಲ. ನೀರು ಏರಿಳಿದಂತೆಲ್ಲ ನೆನೆದು ಜಾರುತ್ತದೆ. ಮೇಲಿನ ಕಲ್ಲಿಗೆ ಆಸರೆ ತಪ್ಪಿ ಅದು ಚಾಚಿಕೊಂಡು ನಿಲ್ಲುತ್ತದೆ. ಬಾವಿ ನೋಡಲು ಬಂದ ಅನುಭವಿ ಕೆಲಸಗಾರ ನೀರಿನತ್ತ ಕಣ್ಣು ಹಾಯಿಸುವ ಮೊದಲು ಈ ಶೇಡಿಯ ಅಂಚನ್ನು ನೋಡುತ್ತಾನೆ. ಅಲ್ಲಿ ಒಳಗೆ ಗುಹೆಯಾಗಿದ್ದರೆ ಮಳೆಗಾಲಕ್ಕೆ ಮೊದಲು ಸಿಮೆಂಟಿನ ರಿಂಗು ಇಳಿಸಿ, ಅದರ ಹಿಂದಿನ ಖಾಲಿ ಜಾಗಕ್ಕೆ ಜಲ್ಲಿ ತುಂಬಬೇಕು. ಗೋಡೆಯ ಬಿರುಕಿನಲ್ಲಿ ಅಶ್ವತ್ಥವೋ ಗೋಳಿಯೋ ಚಿಗುರಿದ್ದರೆ ಎರಡು ಎಲೆ ಇರುವಾಗಲೇ ಕೀಳಬೇಕು. ಪಾಚಿ, ಜರಿಗಿಡಗಳು ಮೇಲ್ಮೈಯಲ್ಲೇ ನಿಲ್ಲುತ್ತವೆ. ಗೋಳಿಯ ಬೇರು ಕಲ್ಲನ್ನು ಸೀಳುತ್ತದೆ.

ತೊಳೆಯುವ ಕೆಲಸಕ್ಕೆ ಪತ್ತನಾಜೆಯ ಆಚೀಚಿನ ದಿನಗಳು ಸರಿಯಾದ ಹೊತ್ತು. ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುತ್ತದೆ. ಕೋಲ, ನೇಮಗಳು ಅಂದಿಗೆ ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಊರಿಗೆ ಊರೇ ಮಳೆಯ ಸಿದ್ಧತೆಗೆ ತೊಡಗುತ್ತದೆ. ಸೌದೆ ಒಳಗೆ ಸೇರಬೇಕು, ಹೆಂಚು ತಿರುಗಿಸಬೇಕು, ಬಾವಿ ತೊಳೆಯಬೇಕು. ನೀರು ಅತ್ಯಂತ ಕೆಳಗಿರುವುದರಿಂದ ತಳದ ಹೂಳು ಕೈಗೆ ಸಿಗುತ್ತದೆ. ಒರತೆ ಯಾವ ದಿಕ್ಕಿನಿಂದ ಬರುತ್ತದೆಂದು ಕಣ್ಣಿಗೆ ಕಾಣುವುದೂ ಆಗಲೇ. ನೀರನ್ನೆಲ್ಲ ಎತ್ತಿ, ಎಲೆ, ಕಡ್ಡಿ, ಕೆಸರನ್ನು ಬುಟ್ಟಿಯಲ್ಲಿ ಮೇಲೆ ಕಳಿಸಿ, ಗೋಡೆಯ ಲೋಳೆಯನ್ನು ಪೊರಕೆಯಲ್ಲಿ ಉಜ್ಜಿದಾಗ, ಅಷ್ಟು ದಿನ ಮುಚ್ಚಿಕೊಂಡಿದ್ದ ಒಂದು ಸಣ್ಣ ಒರತೆ ಬಿಚ್ಚಿಕೊಂಡು ಸೊಂಯ್ ಎಂದು ಚಿಮ್ಮುವುದುಂಟು. ಕೆಳಗಿದ್ದವರು "ಬಂತು, ಬಂತು" ಎಂದು ಕೂಗುತ್ತಾರೆ. ಕಟ್ಟೆಯ ಸುತ್ತ ನಿಂತ ನಾವು ಮಕ್ಕಳಂತೆ ಬಗ್ಗಿ ನೋಡುತ್ತೇವೆ. ಹೊಸ ನೀರು ಕಾಣುವ ಖುಷಿಗೆ ವಯಸ್ಸಿಲ್ಲ.

ಆದರೆ ಯಾರೂ ಕೆಳಗಿಳಿಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದರ ಬಗ್ಗೆ ಎಷ್ಟು ಹೇಳಿದರೂ ಹೆಚ್ಚಾಗದು. ಬಾವಿಯ ಗಾಳಿಯನ್ನು ನಂಬಬಾರದು. ಕೊಳೆತ ಎಲೆಯಿಂದ, ಮಣ್ಣಿನಿಂದ ಹೊರಟ ಇಂಗಾಲದ ಡೈಆಕ್ಸೈಡ್ ನಮ್ಮ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದು ತಳದಲ್ಲಿ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕುಸಿದಾಗ, ಏನಾಯಿತೆಂದು ನೋಡಲು ಅಣ್ಣನೋ ತಮ್ಮನೋ ಇಳಿಯುತ್ತಾನೆ. ಅವನ ಹಿಂದೆ ಮತ್ತೊಬ್ಬ. ಬಾವಿಯ ದುರಂತಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಸಾಯುವುದು ಹೀಗೆ. ಪ್ರೀತಿಯೇ ಅವರನ್ನು ಕೆಳಗೆಳೆಯುತ್ತದೆ. ನಮ್ಮ ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ, ಅದು ಸರಿ. ಆದರೆ ದೀಪ ಉರಿದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ತಿಳಿಯುವುದು ಅಪಾಯ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ಗಳು ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲಬಲ್ಲವು; ಮೀಥೇನ್ ಇದ್ದರೆ ದೀಪದಿಂದಲೇ ಬೆಂಕಿ ಹತ್ತಬಹುದು. ಗಾಳಿ ಅಳೆಯುವ ಸಣ್ಣ ಯಂತ್ರ ಈಗ ಸಿಗುತ್ತದೆ. ಅದನ್ನು ಹಗ್ಗದಲ್ಲಿ ಇಳಿಸಿ ನೋಡಬೇಕು, ಬ್ಲೋವರ್‌ನಿಂದ ಒಳಗೆ ಗಾಳಿ ಊದಬೇಕು, ಇಳಿಯುವವನ ಎದೆಗೆ ಪಟ್ಟಿ ಕಟ್ಟಿ ಅದರ ಹಗ್ಗವನ್ನು ಮೇಲಿನವರು ಹಿಡಿದಿರಬೇಕು. ಸೊಪ್ಪಿನ ಕೊಂಬೆಯನ್ನು ಏರಿಸಿ ಇಳಿಸಿ ಗಾಳಿ ಕದಡುವ ಹಳೆಯ ಪದ್ಧತಿಯನ್ನೂ ಜೊತೆಗೆ ಮಾಡಬಹುದು, ಅದೊಂದನ್ನೇ ನೆಚ್ಚಬಾರದು. ಪೆಟ್ರೋಲ್, ಡೀಸೆಲ್ ಪಂಪನ್ನಂತೂ ಬಾವಿಯೊಳಗೆ ಇಳಿಸಲೇಬಾರದು. ಅದರ ಹೊಗೆಯೇ ವಿಷ. ಕೆಳಗಿನವನು ಮಾತಾಡುವುದನ್ನು ನಿಲ್ಲಿಸಿದರೆ ಹಗ್ಗ ಎಳೆಯಬೇಕೇ ಹೊರತು ಯಾರೂ ಧುಮುಕಬಾರದು.

ಹೂಳಿನ ಬುಟ್ಟಿಯಲ್ಲಿ ಮೇಲೆ ಬರುವ ಸಾಮಾನುಗಳದೇ ಒಂದು ಲೋಕ. ಹಿತ್ತಾಳೆಯ ಚೊಂಬು, ಪ್ಲಾಸ್ಟಿಕ್ ಮಗ್ಗು, ಮಗುವಿನ ಗಿಲಕಿ, ಸಾಬೂನಿನ ಡಬ್ಬಿ, ಕಿತ್ತುಹೋದ ಹಗ್ಗದ ತುಂಡು. ಎಲ್ಲ ಮನೆಗೂ ಪಂಪು ಬರುವ ಮೊದಲು ಕೊಡಪಾನ ಬೀಳದ ಬಾವಿಯೇ ಇರಲಿಲ್ಲ. ಬಿದ್ದದ್ದನ್ನು ಎತ್ತಲು ಪಾತಾಳಗರಡಿ ಬೇಕು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳನ್ನು ತೂಗಿಸಿದ ಆ ಸಾಧನ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ನಮ್ಮ ಬೈಲಿಗೆ ಒಂದೇ ಇತ್ತು. ಯಾರ ಮನೆಯ ಅಟ್ಟದಲ್ಲಿದೆ ಎಂದು ಎಲ್ಲರಿಗೂ ಗೊತ್ತು. "ಅಕ್ಕಾ, ಗರಡಿ ಉಂಟಾ, ಕೊಡಪಾನ ಬಿತ್ತು" ಎಂದು ಬೇಲಿಯಾಚೆಯಿಂದ ಕೂಗಿದರೆ ಅಮ್ಮ ಕೈಯ ಕೆಲಸ ಬಿಟ್ಟು ಅಟ್ಟ ಹತ್ತುತ್ತಿದ್ದಳು. ಗರಡಿಯ ಜೊತೆ ಒಬ್ಬ ಕೈಪಳಗಿದ ಆಳೂ ಬೇಕು. ಕಾಣದ ತಳದಲ್ಲಿ ಕೊಕ್ಕೆಯನ್ನು ಎಳೆಯುತ್ತ, ಕಲ್ಲು ತಾಗಿದ್ದೋ ಕೊಡದ ಕಂಠ ತಾಗಿದ್ದೋ ಎಂದು ಹಗ್ಗದ ನಡುಕದಲ್ಲೇ ತಿಳಿಯುವ ಕೈ. ಅಂಥ ಕೈಯಿರುವ ಹೆಂಗಸರನ್ನು ನಾನು ಬಲ್ಲೆ. ಅವರು ಕಣ್ಣು ಮುಚ್ಚಿ ನಿಂತು ಹಗ್ಗ ಆಡಿಸುತ್ತಿದ್ದರು.

ತೊಳೆದ ಬಾವಿಗೆ ಕೆಲವು ಮನೆಗಳಲ್ಲಿ ನೆಲ್ಲಿಮರದ ಹಲಗೆ ಹಾಕುತ್ತಾರೆ. ಕರಾವಳಿಯಲ್ಲೂ ಕೇರಳದಲ್ಲೂ ಇದು ಹಳೆಯ ಪದ್ಧತಿ. ನೀರಿಗೆ ತಿಳಿಯೂ ಸಿಹಿಯೂ ಬರುತ್ತದೆಂಬ ನಂಬಿಕೆ. ರೋಗಾಣು ಕೊಲ್ಲಲು ಮಾತ್ರ ಬ್ಲೀಚಿಂಗ್ ಪುಡಿಯೇ ಬೇಕು, ಅದೂ ಲೆಕ್ಕದಲ್ಲಿ. ಬಾವಿಯ ವ್ಯಾಸವನ್ನೂ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆಯಿರಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಎಷ್ಟು ಸಾವಿರ ಲೀಟರ್ ಎಂದು ತಿಳಿಯುತ್ತದೆ. ಎರಡು ಮೀಟರ್ ವ್ಯಾಸ, ಮೂರು ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ. ಅಂದರೆ ಇಲ್ಲಿ 24 ಗ್ರಾಂ ಸಾಕು. ನೀರು ಕದಡಿದ್ದರೆ, ನೆರೆ ನುಗ್ಗಿದ್ದರೆ ಹೆಚ್ಚು ಬೇಕು; ಆಗ ಆರೋಗ್ಯ ಕೇಂದ್ರದವರನ್ನು ಕೇಳುವುದು ಒಳ್ಳೆಯದು. ಪುಡಿಯನ್ನು ನೇರ ಸುರಿಯಬಾರದು. ಬಕೆಟಿನಲ್ಲಿ ಕಲಸಿ, ನೀರು ಸೇರಿಸಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿ, ಅದನ್ನು ನೀರಿನೊಳಗೆ ಮುಳುಗಿಸಿ, ಏರಿಸಿ ಇಳಿಸಿ ಕಲಕಬೇಕು. ಸುಣ್ಣ ಒಳಗೆ ಹೋದರೆ ನೀರು ಗಡಸಾಗುತ್ತದೆ. ಕಡಿಮೆಯೆಂದರೂ ಒಂದು ಗಂಟೆ ನೀರು ಮುಟ್ಟಬಾರದು. ರಾತ್ರಿ ಎಲ್ಲರ ಕೆಲಸ ಮುಗಿದ ಮೇಲೆ ಹಾಕಿದರೆ ಬೆಳಗ್ಗೆ ನೀರು ಸಿದ್ಧ. ಸೊಳ್ಳೆಮರಿ ತಿನ್ನಲೆಂದು ಗಪ್ಪಿ ಮೀನು ಬಿಟ್ಟಿದ್ದರೆ ಮೊದಲು ಅವನ್ನು ಬೇರೆ ನೀರಿಗೆ ಸಾಗಿಸಬೇಕು. ಕ್ಲೋರಿನ್ ಅವಕ್ಕೆ ಆಗದು.

ಇಷ್ಟೆಲ್ಲ ಜಾಗ್ರತೆ ಏಕೆಂದು ಕೇಳುವವರಿಗೆ ನಾನು ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕಥೆ ಹೇಳುತ್ತೇನೆ. 1854ರಲ್ಲಿ ಆ ಬೀದಿಯಲ್ಲಿ ಕಾಲರಾ ಎದ್ದಿತು. ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ನಕಾಶೆಯಲ್ಲಿ ಗುರುತಿಸಿ, ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದವರೆಂದು ತೋರಿಸಿದ. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆ ಕಿತ್ತರು. ಪಂಪು ನಿಂತಿದ್ದು ಒಂದು ಬಾವಿಯ ಮೇಲೆ. ಆಮೇಲೆ ಅಗೆದು ನೋಡಿದರೆ, ಪಕ್ಕದ ಮನೆಯ ಮಲದ ಗುಂಡಿಯ ಇಟ್ಟಿಗೆ ಸವೆದು ಸೋರುತ್ತಿತ್ತು. ಬಾವಿಗೂ ಗುಂಡಿಗೂ ನಡುವಿನ ಅಂತರ ಮೂರು ಅಡಿಯೂ ಇರಲಿಲ್ಲ. ನಮ್ಮಲ್ಲಿ ಈಗ ಐದು ಸೆಂಟ್ಸಿನ ಮನೆ ಕಟ್ಟುವವರು ಬಾವಿಯನ್ನು ಒಂದು ಮೂಲೆಗೂ ಪಾಯಖಾನೆಯ ಗುಂಡಿಯನ್ನು ಇನ್ನೊಂದು ಮೂಲೆಗೂ ಹಾಕಿ ಸಮಾಧಾನಪಡುತ್ತಾರೆ. ತಮ್ಮ ಗುಂಡಿ ಪಕ್ಕದವರ ಬಾವಿಗೆ ತಾಗಿಕೊಂಡಿದೆಯೇ ಎಂದು ಗೋಡೆಯಾಚೆ ನೋಡುವವರು ಕಡಿಮೆ. ಕನಿಷ್ಠ 50 ಅಡಿ ದೂರ ಇರಬೇಕೆಂಬುದು ಸಾರ್ವಜನಿಕ ಆರೋಗ್ಯದ ಪಾಠಪುಸ್ತಕದ ಮಾತು. ಅದನ್ನು ನನ್ನ ಬಾವಿಗೆ ಮಾತ್ರ ಅಳೆದರೆ ಸಾಲದು.

ಬಾವಿಕಟ್ಟೆಯೂ ಹಾಗೆಯೇ ನೆರೆಯವರಿಗಾಗಿ ಕಟ್ಟುವ ವಸ್ತು. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರುತ್ತದೆ. ಕಾಲಿನ ಗುಳ್ಳೆಯಿಂದ ಮೊಳಗಟ್ಟಲೆ ಉದ್ದದ ಹುಳ ಹೊರಬರುವ ಆ ರೋಗ ಮೆಟ್ಟಿಲುಬಾವಿಗಳಿಂದ ಹಬ್ಬುತ್ತಿತ್ತು. ಹುಣ್ಣಿದ್ದವರು ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರೆ ಹುಳದ ಮರಿಗಳು ನೀರು ಸೇರುತ್ತಿದ್ದವು, ನೀರಿನ ಸೂಕ್ಷ್ಮ ಜೀವಿ ಸೈಕ್ಲಾಪ್ಸ್ ಅವನ್ನು ನುಂಗುತ್ತಿತ್ತು, ಆ ನೀರನ್ನು ಊರು ಕುಡಿಯುತ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿದರು, ಕೊಳವೆಬಾವಿ ಕೊರೆದರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿಸಿತು. ಒಂದು ರೋಗವನ್ನು ಗಾರೆ ಕೆಲಸದವರೂ ಸೇರಿ ಓಡಿಸಿದ ಈ ಕಥೆ ನನಗೆ ಯಾವ ಯುದ್ಧದ ಗೆಲುವಿಗಿಂತ ದೊಡ್ಡದು. ಸೊಂಟದೆತ್ತರದ ಕಟ್ಟೆ, ಸುತ್ತ ಮೂರು ಅಡಿ ಸಿಮೆಂಟಿನ ಅಂಗಳ, ಚೆಲ್ಲಿದ ನೀರು ಮರಳಿ ಒಳಗೆ ಇಂಗದಂತೆ ದೂರ ಒಯ್ಯುವ ಚರಂಡಿ, ಮೇಲೆ ಸೊಳ್ಳೆ ನುಗ್ಗದ ಬಲೆ. ಇವಿಷ್ಟು ಸರಿಯಿದ್ದರೆ ಬಾವಿಯ ಅರ್ಧ ಆರೋಗ್ಯ ಸರಿ.

ಇನ್ನು ಪಂಪಿನ ವಿಷಯ. ಬೇಸಿಗೆಯಲ್ಲಿ "ಪಂಪು ಗಾಳಿ ಎಳೆಯುತ್ತದೆ" ಎಂಬ ದೂರು ಮನೆಮನೆಯಲ್ಲೂ. ಇದು ಗೆಲಿಲಿಯೋನ ಕಾಲದಿಂದ ಬಂದ ದೂರು. ಎಳೆಯುವ ಪಂಪು ನೀರನ್ನು ಒಂದು ಮಿತಿಗಿಂತ ಮೇಲಕ್ಕೆ ತರಲಾರದೆಂದು ಅವನು 1638ರ ತನ್ನ ಪುಸ್ತಕದಲ್ಲಿ ಬರೆದ. ಅದಕ್ಕೆ ಕಾರಣ ಗಾಳಿಯ ಒತ್ತಡ ಎಂದು ತಿಳಿದದ್ದು ಟೊರಿಚೆಲ್ಲಿಯ ಪಾದರಸದ ಕೊಳವೆಯಿಂದ. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಕೊಳವೆಯ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿ ಬಾವಿಯ ನೀರನ್ನು ಅದುಮಿ ಮೇಲೆ ಕಳಿಸುತ್ತದೆ. ಆ ಗಾಳಿಯ ಶಕ್ತಿ ಸುಮಾರು 10.3 ಮೀಟರಿಗೆ ಮುಗಿಯಿತು. ಪೈಪಿನ ತಿಕ್ಕಾಟ ಕಳೆದರೆ ನಮಗೆ ದಕ್ಕುವುದು ಏಳು ಮೀಟರ್, ಹೆಚ್ಚೆಂದರೆ ಎಂಟು. ಅದಕ್ಕೇ ಆಳದ ಬಾವಿಗಳಲ್ಲಿ ಪಂಪನ್ನು ಒಳಗೆ ತೊಲೆಯ ಮೇಲೆ ಕೂರಿಸುತ್ತಿದ್ದುದು, ಮಳೆಗಾಲಕ್ಕೆ ಅದು ಮುಳುಗದಂತೆ ಎತ್ತಿ ಕಟ್ಟುತ್ತಿದ್ದುದು. ಈಗ ನೀರಿನೊಳಗೇ ಕೂತು ನೀರನ್ನು ತಳ್ಳುವ ಸಬ್‌ಮರ್ಸಿಬಲ್ ಬಂದು ಆ ಪಾಡು ತಪ್ಪಿಸಿದೆ. ಹಳೆಯ ಪಂಪಿರುವವರು ಫೂಟ್‌ವಾಲ್ವ್ ಬಿಗಿಯಿದೆಯೇ, ಪೈಪಿನ ಬೆಸುಗೆಯಲ್ಲಿ ಕೂದಲಷ್ಟಾದರೂ ಬಿರುಕಿದೆಯೇ ನೋಡಬೇಕು. ವಾಲ್ವ್ ತಳದಿಂದ ಒಂದೆರಡು ಅಡಿ ಮೇಲಿರಬೇಕು, ಇಲ್ಲವಾದರೆ ನೀರಿನ ಜೊತೆ ಕೆಸರೂ ಬರುತ್ತದೆ. ನೀರಿಲ್ಲದೆ ಮೋಟರ್ ಓಡಲು ಬಿಡಬಾರದು.

ನೀರು ಸಾಲದಾದಾಗ ಬೋರ್‌ವೆಲ್ ಗಾಡಿ ಬರುತ್ತದೆ. ರಾತ್ರಿಯಿಡೀ ಆ ಸದ್ದು ಕೇಳುತ್ತ ಮಲಗಿದವರಿಗೆ ಗೊತ್ತು, ಆರೂವರೆ ಇಂಚಿನ ಆ ತೂತಿನೊಳಗೆ ಒಂದು ಮನೆಯ ಉಳಿತಾಯವೇ ಇಳಿಯುತ್ತದೆ. ಆಳದ ನೀರು ತಿಳಿಯಾಗಿ ಕಂಡರೂ ಪರೀಕ್ಷೆ ಮಾಡಿಸದೆ ಕುಡಿಯಬಾರದು. ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಕಂಡಂತೆ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತವೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ. ನೀರು ಸಿಗದೆ ಕೈಬಿಟ್ಟ ಬೋರ್‌ವೆಲ್‌ನ ಬಾಯಿ ಮುಚ್ಚುವುದು ಅದೇ ದಿನದ ಕೆಲಸ, ಮರುದಿನದ್ದಲ್ಲ. ಸುಪ್ರೀಂ ಕೋರ್ಟು 2010ರಲ್ಲೇ ಈ ಬಗ್ಗೆ ನಿರ್ದೇಶನ ಕೊಟ್ಟಿದೆ. ಆದರೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೂಸೊಂದು ತೆರೆದ ಬೋರ್‌ವೆಲ್‌ಗೆ ಬಿತ್ತು. ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಎತ್ತಿದಾಗ ಇಡೀ ನಾಡು ಕಣ್ಣೊರೆಸಿಕೊಂಡಿತು. ಒಂದು ಮುಚ್ಚಳದ ಕೆಲಸವನ್ನು ಎಷ್ಟೊಂದು ಕೈಗಳು ಮಾಡಬೇಕಾಯಿತು!

ಬೋರ್‌ವೆಲ್ ಇರಲಿ, ತೆರೆದ ಬಾವಿ ಇರಲಿ, ಎತ್ತಿದ್ದಕ್ಕೆ ಪ್ರತಿಯಾಗಿ ತುಂಬಬೇಕೆಂಬುದನ್ನು ಈಗ ಪಟ್ಟಣದವರೂ ಕಲಿಯುತ್ತಿದ್ದಾರೆ. ಸಾವಿರ ಚದರ ಅಡಿಯ ಮಾಡಿನ ಮೇಲೆ ನಮ್ಮೂರಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳು, ಇದ್ದಿಲಿನ ಮೂಲಕ ಸೋಸಿ ಬಾವಿಗೆ ಬಿಟ್ಟರೆ ಬೇಸಿಗೆಯ ಕೊರತೆ ಎಷ್ಟೋ ತಗ್ಗುತ್ತದೆ. ಬೆಂಗಳೂರಿನಲ್ಲಿ ಬಯೋಮ್ ಸಂಸ್ಥೆಯವರು ಹತ್ತು ಲಕ್ಷ ಇಂಗುಬಾವಿಗಳ ಗುರಿಯಿಟ್ಟು ಹೊರಟರು. ತೋಡುವವರು ತಲೆಮಾರುಗಳಿಂದ ಅದೇ ಕಸುಬಿನ ಮಣ್ಣುವಡ್ಡರು. ಕೊಳಾಯಿ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಅವರ ಗುದ್ದಲಿಗೆ ಮತ್ತೆ ಬೇಡಿಕೆ ಬಂದಿದೆ. ಯಾವ ಮಣ್ಣು ನೀರು ಕುಡಿಯುತ್ತದೆ, ಎಷ್ಟಡಿಗೆ ನಿಲ್ಲಿಸಬೇಕು ಎಂಬ ಅವರ ತಿಳಿವಳಿಕೆಯ ಮೇಲೆ ಒಂದು ಮಹಾನಗರ ಒರಗಿ ನಿಂತಿದೆ. ಅಂಥ ಕೈಗಳಿಗೆ ಸರಿಯಾದ ಕೂಲಿ, ಹಗ್ಗ, ಶಿರಸ್ತ್ರಾಣ, ವಿಮೆ ಕೊಡುವುದೂ ಬಾವಿಯ ನಿರ್ವಹಣೆಯ ಭಾಗವೇ.

ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಾವಿಕಟ್ಟೆ ತೊಳೆದು ರಂಗೋಲಿ ಹಾಕಿ, ಬಚ್ಚಲ ಹಂಡೆಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಶಂಖ, ಜಾಗಟೆಯೊಂದಿಗೆ ಗಂಗೆಯನ್ನು ಮನೆಗೆ ಕರೆಯುತ್ತೇವೆ. ಮಳೆಗಾಲ ಮುಗಿದು ಬಾವಿ ತುಂಬಿರುವ ಹೊತ್ತು ಅದು. ವರ್ಷಕ್ಕೊಮ್ಮೆಯಾದರೂ ಹಗ್ಗ, ರಾಟೆ, ಕಟ್ಟೆಗಳ ಮೇಲೆ ಮನೆಯವರೆಲ್ಲರ ಕೈಯಾಡಲೆಂದು ಹಿರಿಯರು ಈ ಹಬ್ಬ ಮಾಡಿದ್ದಾರೆಂದೇ ನನ್ನ ಭಾವನೆ. ನಲ್ಲಿ ಬಂತೆಂದು ಬಾವಿಯನ್ನು ಮರೆತ ಮನೆಗಳಲ್ಲಿ ಹಬ್ಬ ಬಕೆಟಿಗೆ ಇಳಿದಿದೆ, ಬಾವಿ ಕಸದ ಗುಂಡಿಯಾಗಿದೆ. ಅಂಗಳಕ್ಕೆ ಎಸೆದ ಕಸವನ್ನು ಮಣ್ಣು ಒಂದಿಷ್ಟಾದರೂ ಸೋಸುತ್ತದೆ. ಬಾವಿಗೆ ಎಸೆದದ್ದು ನೇರ ಒರತೆ ಸೇರುತ್ತದೆ. ನಮ್ಮ ಬೈಲಿನ ಬಾವಿಗಳೆಲ್ಲ ಒಂದೇ ಹಂಡೆಗೆ ಇಳಿಬಿಟ್ಟ ಚೊಂಬುಗಳು. ಒಂದರಲ್ಲಿ ಹೊಲಸು ಬಿದ್ದರೆ ಇನ್ನೊಂದು ಶುಚಿಯಾಗಿ ಉಳಿಯದು. ಕಟ್ಟೆ, ರಾಟೆ, ಪಂಪು ನಮ್ಮ ದುಡ್ಡಿನವು. ಒಳಗಿನ ನೀರು ಮಾತ್ರ ಊರಿನದು.

ಆದ್ದರಿಂದ ಬಾವಿಯ ಕೆಲಸವನ್ನು ಮನೆಗೊಬ್ಬರಂತೆ ಮಾಡುವುದಕ್ಕಿಂತ ಬೈಲಿನವರೆಲ್ಲ ಸೇರಿ ಮಾಡುವುದೇ ಸರಿ. ಬೇಸಿಗೆಯಲ್ಲಿ ಒಂದು ಭಾನುವಾರ ಗೊತ್ತುಮಾಡಿ, ಎಲ್ಲರ ಕಟ್ಟೆ, ಚರಂಡಿ, ಗುಂಡಿಗಳನ್ನು ಒಟ್ಟಿಗೆ ನೋಡೋಣ. ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಒಂದೇ ಪುಸ್ತಕದಲ್ಲಿ ಬರೆದಿಡೋಣ. ಯಾವ ವರ್ಷ ಎಷ್ಟು ಇಳಿಯಿತು, ಯಾರ ಬೋರ್‌ವೆಲ್ ಬಂದ ಮೇಲೆ ಯಾವ ಬಾವಿ ಬತ್ತಿತು ಎಂಬುದು ಜಗಳವಿಲ್ಲದೆ ತಿಳಿಯುತ್ತದೆ. ಹಿಂದೆ ಬೈಲಿಗೊಂದು ಪಾತಾಳಗರಡಿ ಇದ್ದಂತೆ ಈಗ ಬೈಲಿಗೊಂದು ಗಾಳಿ ಅಳೆಯುವ ಯಂತ್ರ, ಒಂದು ಬ್ಲೋವರ್, ಎರಡು ಗಟ್ಟಿ ಹಗ್ಗ ಇರಲಿ. ಅವು ಯಾರ ಮನೆಯಲ್ಲಿವೆ ಎಂದು ಎಲ್ಲರಿಗೂ ಗೊತ್ತಿರಲಿ. ಕೇಳಿದವರಿಗೆ, ಯಾವ ಹೊತ್ತಿನಲ್ಲಿ ಕೇಳಿದರೂ, ಕೈಯ ಕೆಲಸ ಬಿಟ್ಟು ಅಟ್ಟ ಹತ್ತಿ ಕೊಡೋಣ.